ಕುಕ್ಕರಗಾಲು

ಈ ಸಲದ ಲಾರಿಯಲ್ಲಿ ಬಂದದ್ದು ನಲವತ್ತರ ಮಾತ್ರೆ ಮಾತ್ರ.
ಹತ್ತರದ್ದು ಡೋಲೋನ್ ಕಣಿವೆಯ ಆಚೆ, ಹಿಮದ ಹಿಂದೆ ಎಲ್ಲೋ.
ಹಾಗಾಗಿ ನಾರಿನ್ ಪಟ್ಟಣದ ಈ ಔಷಧಿ ಅಂಗಡಿಯ ಹಿಂಗೋಣೆಯಲ್ಲಿ
ಅರವತ್ತೊಂದರ ನಾನು, ಕನ್ನಡಕ ಮೂಗಿನ ತುದಿಗಿಳಿಸಿ,
ಬಿಳಿ ಒರಳಲ್ಲಿ ಒಂದೇ ಒಂದು ಮಾತ್ರೆ ಅರೆಯುತ್ತೇನೆ,
ಹಾಲಿನ ಸಕ್ಕರೆ ಬೆರೆಸಿ, ತೂಗಿ,
ಎಂಟು ಪಾಲು ಮಾಡಿ ಎಂಟು ಪೊಟ್ಟಣ ಮಡಚುತ್ತೇನೆ
ಉಸಿರು ಬಿಗಿಹಿಡಿದು.
ಸೀನಿದರೆ
ಒಂದು ಮಗುವಿನ ಎರಡೂ ಮುಕ್ಕಾಲು ದಿನ ಹಾರಿಹೋಗುತ್ತದೆ.

ಪ್ರೊಪ್ರನೊಲೋಲ್ ಎನ್ನಲು ಬುರುಲ್‌ಗೆ ನಾಲಗೆ ತೊಡರುತ್ತದೆ.
'ಮೆಡೆರನ ಪುಡಿ' ಎನ್ನುತ್ತಾಳೆ. ನಾನೂ ಚೀಟಿಯ ಮೇಲೆ
ಹಾಗೆಯೇ ಬರೆಯತೊಡಗಿದ್ದೇನೆ.

ಅವಳ ಗಂಡ ತೆಮಿರ್ ಕುದುರೆ ಮೇಯಿಸುವವನು.
ಮೊದಲ ದಿನ ಟೋಪಿ ಕೈಯಲ್ಲಿ ಹಿಡಿದು ಕೇಳಿದ್ದ:
"ಓಡುವ ಎದೆಗೆ ಲಗಾಮು, ಅಲ್ಲವೇ ಅಕ್ಕ, ಈ ಮದ್ದು?"
ಹೌದೆಂದುಬಿಡಬಹುದಿತ್ತು.
ಅವನಿಗೆ ಸಮಾಧಾನ, ನನಗೆ ಬೇಗ ಮನೆ.

ರಸೀದಿಯ ಬೆನ್ನಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದೆ.
ನಾಲ್ಕು ಕೋಣೆ. ನಡುಗೋಡೆಯಲ್ಲಿ ತೂತು.
ಶ್ವಾಸಕೋಶಕ್ಕೆ ಹೋಗುವ ಬಾಗಿಲು ಹುಟ್ಟಿನಿಂದಲೇ ಇಕ್ಕಟ್ಟು,
ಅದರ ಹೊಸ್ತಿಲಲ್ಲಿ ಒಂದು ಸ್ನಾಯು, ಮುಷ್ಟಿಯ ಹಾಗೆ.
ಅತ್ತಾಗ, ಹೆದರಿದಾಗ, ಕೆಲವೊಮ್ಮೆ ಸುಮ್ಮನೆ ಬೆಳಗಾದಾಗ
ಮುಷ್ಟಿ ಬಿಗಿಯುತ್ತದೆ.
ಗಾಳಿ ಕಾಣದ ರಕ್ತ ತೂತಿನಿಂದ ನುಸುಳಿ
ಹಾಗೆಯೇ ಮೈಗೆಲ್ಲ ಹೊರಟುಬಿಡುತ್ತದೆ.
"ಮದ್ದು ಕುದುರೆಯ ಬಾಯಿಗಲ್ಲ ತೆಮಿರ್, ಆ ಬೆರಳುಗಳಿಗೆ.
ಬಿಗಿಯಬೇಡ ಅನ್ನುತ್ತದೆ. ಅಷ್ಟೇ."
"ಮತ್ತೆ ಗೋಡೆಯ ತೂತು?"
"ಅದಕ್ಕೆ ಪುಡಿ ಇಲ್ಲ. ಅದಕ್ಕೆ ಸೂಜಿ, ದಾರ,
ಬಿಷ್ಕೆಕ್, ಏಪ್ರಿಲ್."
ಪಟ್ಟಿಯಲ್ಲಿ ಹುಡುಗ ಹತ್ತೊಂಬತ್ತನೆಯವನು.

ಮೆಡೆರನಿಗೆ ಎರಡೂವರೆ ವರ್ಷ.
ಅಂಗಡಿಯ ನೆಲದಲ್ಲಿ ಕುರಿಯ ಕೀಲೆಲುಬು ಉರುಳಿಸಿ ಆಡುತ್ತಾ
ಇದ್ದಕ್ಕಿದ್ದಂತೆ ನಿಲ್ಲುತ್ತಾನೆ, ತುಟಿ ಶಾಯಿ ಕುಡಿದಂತೆ,
ಮೊಣಕಾಲು ಎದೆಗೆ ಒತ್ತಿ ಕೂರುತ್ತಾನೆ ಕುಕ್ಕರಗಾಲಲ್ಲಿ.
ಯಾರೂ ಹೇಳಿಕೊಟ್ಟದ್ದಲ್ಲ.
ಕಾಲಿನ ದಾರಿಗಳನ್ನು ಮಡಚಿ ಇರುಕಿಸಿ
ಹಟಮಾರಿ ಬಾಗಿಲಿಗೇ ರಕ್ತವನ್ನು ತಿರುಗಿಸುವ ಉಪಾಯ
ಈ ಹತ್ತು ಕಿಲೋ ಮೈಗೆ ಹೇಗೋ ಗೊತ್ತು.
ಒರಳೂ ತಕ್ಕಡಿಯೂ ಇಲ್ಲದ ಕಾಲದಲ್ಲಿ
ಎಷ್ಟು ಮಕ್ಕಳು ಹೀಗೆ ಕೂತಿದ್ದಾರೋ,
ದೊಡ್ಡವರು ಅದನ್ನು ಆಟ ಎಂದುಕೊಂಡಿದ್ದಾರೋ.

ಫೆಬ್ರವರಿಯ ರಾತ್ರಿ, ಒಂದೂವರೆಗೆ ಫೋನು.
"ಸಂಜೆಯಿಂದ ವಾಂತಿ. ಏನೂ ನಿಲ್ಲುತ್ತಿಲ್ಲ.
ಪುಡಿಯ ಹೊತ್ತಾಯಿತು, ಕೊಡಲೇ?"
ಬೇಡ, ಎಂದೆ. ಖಾಲಿ ಹೊಟ್ಟೆಯಲ್ಲಿ ಇದೇ ಮದ್ದು
ರಕ್ತದ ಸಕ್ಕರೆಯನ್ನು ಇಳಿಸುತ್ತದೆ,
ಇಳಿದದ್ದು ತಿಳಿಯದಂತೆ
ಕೈನಡುಕವನ್ನೂ ಎದೆಯ ಡವಡವವನ್ನೂ ಕದ್ದಿಡುತ್ತದೆ.
"ಕೊಡದಿದ್ದರೆ, ಬಾಗಿಲು?"

ನನ್ನ ಬಳಿ ಅದಕ್ಕೆ ಪೊಟ್ಟಣ ಇರಲಿಲ್ಲ.
"ಚಹಾಗೆ ಸಕ್ಕರೆ ಹಾಕು, ಚಮಚ ಚಮಚ ಕುಡಿಸು,
ಮೊಣಕಾಲು ಎದೆಗೆ ಮಡಚಿ ಎತ್ತಿಕೋ, ಅಳಿಸಬೇಡ.
ಆಸ್ಪತ್ರೆಗೆ ಹೊರಡಿ, ಈಗಲೇ. ಡಾಕ್ಟರನ್ನು ನಾನು ಎಬ್ಬಿಸುತ್ತೇನೆ."
ಮೂರು ಸಲ ಗಂಟೆ ಬಾರಿಸಿತು, ನಾಲ್ಕನೆಯದಕ್ಕೆ ಎತ್ತಿದರು.
ಆಮೇಲೆ ಮಾಡುವುದೇನೂ ಇರಲಿಲ್ಲ.
ಒಲೆಯ ಎದುರು ಕೂತೆ. ಬೂದಿ ತಣ್ಣಗಾದ ಮೇಲೆ ನೋಡಿಕೊಂಡರೆ
ನನ್ನ ಮೊಣಕಾಲೂ ಎದೆಗೆ ತಾಗಿತ್ತು.

ಮರುದಿನ ಮಧ್ಯಾಹ್ನ ತೆಮಿರ್ ಬಂದ, ಗಡ್ಡದಲ್ಲಿ ಹಿಮ.
ಹುಡುಗ ಮಾಂಸದ ಸಾರು ಕುಡಿದನಂತೆ, ಇನ್ನೂ ಬೇಕೆಂದನಂತೆ,
ಪುಡಿ ಮತ್ತೆ ಶುರು ಮಾಡಿ ಎಂದರಂತೆ ಡಾಕ್ಟರು.
ಕೋಟಿನ ಒಳಜೇಬಿನಿಂದ ಒಂದು ಪೊಟ್ಟಣ ತೆಗೆದು
ಮೇಜಿನ ಮೇಲಿಟ್ಟ, ಸಾಲ ತೀರಿಸುವವನ ಹಾಗೆ.
"ಇದು ಉಳಿಯಿತು. ಇನ್ನೊಬ್ಬರ ಮಗುವಿಗಾದರೂ."

ಹಾಗೆ ಕೊಡುವಂತಿಲ್ಲ. ಎಸೆಯಬೇಕು, ನಿಯಮ.
ಡ್ರಾಯರಿಗೆ ಹಾಕಿದೆ.

ಏಪ್ರಿಲ್ ಇನ್ನೂ ನೂರ ಎಂಬತ್ತು ಪೊಟ್ಟಣ ದೂರ.
ಕಿಟಕಿ ಮುಚ್ಚಿ, ಗಾಳಿ ಬಾರದಂತೆ,
ಒರಳು ಎಳೆದುಕೊಂಡೆ.